ಅಕ್ಕನ ಎದೆ, ಗಿರಣಿಯ ಹಿಟ್ಟು

ಶಿವಮೊಗ್ಗದ ವಿನೋಬನಗರದ 100 ಅಡಿ ರಸ್ತೆಯಿಂದ ಒಳಕ್ಕೆ ತಿರುಗಿದ ಅಡ್ಡರಸ್ತೆಯಲ್ಲಿ ನೀವು ಛತ್ರಿ ಹಿಡಿದು ನಿಂತಿದ್ದೀರಿ. ಬೆಳಿಗ್ಗೆ ಏಳು ಗಂಟೆ. ರಾತ್ರಿಯಿಡೀ ಹೊಡೆದ ಮಳೆ ಈಗ ಜಿನುಗಿಗೆ ಇಳಿದಿದೆ. ಆಟೊದವನು ಎಂಜಿನ್ ಆರಿಸದೆ ಕಾಯುತ್ತಿದ್ದಾನೆ. ಅಕ್ಕ ಮಹಡಿಯ ಮೆಟ್ಟಿಲು ಇಳಿದು ಬರುತ್ತಿದ್ದಾಳೆ. ಅರ್ಧಕ್ಕೆ ಬಂದವಳು ಕಂಬಿ ಹಿಡಿದು ನಿಲ್ಲುತ್ತಾಳೆ. ಹತ್ತುವಾಗ ಅವಳಿಗೆ ಏದುಸಿರು ಬರುವುದನ್ನು ನೀವು ಒಂದು ವರ್ಷದಿಂದ ನೋಡಿದ್ದೀರಿ. ಇಳಿಯುವಾಗಲೂ ನಿಲ್ಲುವುದನ್ನು ನೋಡುತ್ತಿರುವುದು ಇದೇ ಮೊದಲು.

"ಏನಕ್ಕ, ಕೂತ್ಕೊಂಡು ಬರ್ತೀಯಾ?"

"ಸುಮ್ನಿರೋ. ರಕ್ತ ಕಮ್ಮಿ ಇದೆ ಅಂತ ಗೊತ್ತಲ್ಲ. ಮಾತ್ರೆ ತಗೋತಾನೇ ಇದೀನಿ."

ಮಾತ್ರೆ ತಗೊಳ್ಳುತ್ತಿರುವುದು ನಿಜ. ಅಡುಗೆಮನೆಯ ಕಪಾಟಿನಲ್ಲಿ ಕಬ್ಬಿಣದ ಮಾತ್ರೆಯ ಖಾಲಿ ಪಟ್ಟಿಗಳ ಒಂದು ಕಂತೆಯೇ ಇದೆ, ಅದರ ಪಕ್ಕದಲ್ಲಿ ಗ್ಯಾಸಿನ ಮಾತ್ರೆ. ಹೊಟ್ಟೆ ಉಬ್ಬರ, ಆಗಾಗ ಬಾಯಿಹುಣ್ಣು, ಬಾಚಣಿಗೆ ತುಂಬ ಬರುವ ಕೂದಲು. ಈ ಯಾವುದನ್ನೂ ಅವಳು ಕಾಯಿಲೆ ಎಂದು ಲೆಕ್ಕಕ್ಕೇ ತಗೊಂಡವಳಲ್ಲ. ಮನೆ ನಡೆಸುವ ಹೆಂಗಸರಿಗೆ ಸುಸ್ತು ಇದ್ದದ್ದೇ ಎಂದು ಅವಳೂ ನಂಬಿದ್ದಾಳೆ, ನೀವೂ ನಂಬಿದ್ದಿರಿ. ಈ ನಂಬಿಕೆ ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರ ಜೀವ ಹಿಂಡುತ್ತಿದೆಯೋ!

ಆಟೊ ಪೊಲೀಸ್ ಚೌಕಿ ದಾಟಿ ದುರ್ಗಿಗುಡಿಯ ಕಡೆ ಹೊರಳುತ್ತದೆ. ಆಸ್ಪತ್ರೆ, ಲ್ಯಾಬು, ಔಷಧಿ ಅಂಗಡಿಗಳ ಬೀದಿ. ತೀರ್ಥಹಳ್ಳಿ, ಹೊಸನಗರ, ಶಿಕಾರಿಪುರದ ಮೊದಲ ಬಸ್ಸಿಗೆ ಬಂದವರು ಆಗಲೇ ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತಿದ್ದಾರೆ. ಅಕ್ಕನನ್ನು ಎಕೋ ಕೋಣೆಯೊಳಕ್ಕೆ ಕರೆದಾಗ ನಿಮ್ಮನ್ನೂ ಒಳಗೆ ಬಿಡುತ್ತಾರೆ.

ಕೋಣೆಯಲ್ಲಿ ದೀಪ ಸಣ್ಣದಾಗಿದೆ. ಅಕ್ಕ ಎಡಮಗ್ಗುಲಿಗೆ ಮಲಗಿದ್ದಾಳೆ. ಎದೆಗೆ ತಣ್ಣನೆಯ ಜೆಲ್ಲಿ ಹಚ್ಚಿದಾಗ ಒಮ್ಮೆ ಮೈ ನಡುಗುತ್ತದೆ. ಪರದೆಯ ಮೇಲೆ ಕಪ್ಪುಬಿಳುಪಿನಲ್ಲಿ ಹೃದಯದ ನಾಲ್ಕು ಕೋಣೆಗಳು ಮೂಡುತ್ತವೆ. ಅವುಗಳಲ್ಲಿ ದೊಡ್ಡದು ಎಡಗಡೆಯ ಕೆಳಕೋಣೆ, ಮೈಗೆಲ್ಲ ರಕ್ತ ತಳ್ಳುವುದು ಅದರ ಕೆಲಸ. ಅದರ ಗೋಡೆಗಳು ಒಳಕ್ಕೆ ಸೇರಬೇಕು, ಮತ್ತೆ ಹಿಗ್ಗಬೇಕು. ಅಕ್ಕನದು ಸೇರುತ್ತಿರುವುದು ಅಷ್ಟಕ್ಕಷ್ಟೆ. ನಿಮಗೆ ಪರದೆ ಓದಲು ಬರುವುದಿಲ್ಲ, ಆದರೂ ಕಾಣುತ್ತದೆ. ಡಾಕ್ಟರು ಅಳೆಯುತ್ತಾರೆ, ಗೆರೆ ಅಳಿಸಿ ಇನ್ನೊಮ್ಮೆ ಅಳೆಯುತ್ತಾರೆ.

"ಹೃದಯ ಸ್ವಲ್ಪ ದೊಡ್ಡದಾಗಿದೆ. ಪಂಪಿಂಗ್ ಕಮ್ಮಿ ಇದೆ. 35 ಪರ್ಸೆಂಟ್."

ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಎಷ್ಟು ಪಾಲು ಹೊರಹೋಗುತ್ತದೆ ಎಂಬುದರ ಲೆಕ್ಕ ಅದು. ಆರೋಗ್ಯವಂತರಲ್ಲಿ 55ರ ಮೇಲಿರುತ್ತದೆ. ನಿಮ್ಮ ತಲೆಯಲ್ಲಿ ಒಂದೇ ಮಾತು: ಬ್ಲಾಕ್ ಇರಬೇಕು. ಮಾರನೆಯ ವಾರ ಆಂಜಿಯೋಗ್ರಾಂ ಆಗುತ್ತದೆ. ರಕ್ತನಾಳಗಳು ಸ್ವಚ್ಛ. ಥೈರಾಯ್ಡ್ ಸರಿ, ಸಕ್ಕರೆ ಸರಿ, ಬಿಪಿ ಇಲ್ಲ. ಹೃದಯದ ಸ್ನಾಯು ಸೋತು ಹಿಗ್ಗಿದೆ, ಕಾರಣ ಸಿಕ್ಕಿಲ್ಲ. ಫೈಲಿನ ಮೇಲೆ 'ಕಾರಣ ತಿಳಿಯದ' ಎಂಬ ವಿಶೇಷಣ ಬೀಳುತ್ತದೆ. ಪಕ್ಕದ ಮನೆಯವರು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎನ್ನುತ್ತಾರೆ.

ಇಲ್ಲಿ ಒಂದು ಮಾತು ಹೇಳಬೇಕು. ಈ ಅಕ್ಕ ಯಾವುದೋ ಒಂದು ಮನೆಯ ನಿಜವಾದ ರೋಗಿಯಲ್ಲ. ವೈದ್ಯಕೀಯ ವರದಿಗಳಲ್ಲಿ ದಾಖಲಾದ ದಾರಿಯನ್ನೇ ನಮ್ಮೂರಿನ ಬೀದಿಗೆ ತಂದಿದ್ದೇನೆ. ನಮ್ಮ ಕಡೆ ಈ ಕಾಯಿಲೆ ಅಪರೂಪ, ಅದಕ್ಕೇ ಯಾರಿಗೂ ಹೊಳೆಯುವುದಿಲ್ಲ. ಹೊಳೆಯಲಿ ಎಂದೇ ಈ ಬರಹ.

ಅಕ್ಕನ ಹಳೆಯ ಫೈಲನ್ನು ಮೊದಲಿನಿಂದ ತಿರುವುವ ಒಬ್ಬ ಡಾಕ್ಟರಮ್ಮ ಕೊನೆಗೂ ಸಿಗುತ್ತಾರೆ. ಹೊಸ ರಿಪೋರ್ಟನ್ನು ಪಕ್ಕಕ್ಕಿಟ್ಟು ಹಳೆಯ ಹಿಮೋಗ್ಲೋಬಿನ್ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಹರಡುತ್ತಾರೆ. 8.2, 7.9, 8.4, 7.8. ಇಷ್ಟು ವರ್ಷ ಮಾತ್ರೆ ನುಂಗಿದರೂ ಸಂಖ್ಯೆ ಮೇಲೆದ್ದೇ ಇಲ್ಲ.

"ಮಾತ್ರೆ ಸರಿಯಾಗಿ ತಗೊಂಡಿದೀರಾ ಅಮ್ಮ?"

"ಒಂದಿನಾನೂ ಬಿಟ್ಟಿಲ್ಲ ಡಾಕ್ಟ್ರೇ."

"ಮುಟ್ಟಿನಲ್ಲಿ ಹೆಚ್ಚು ಹೋಗತ್ತಾ? ಗರ್ಭ ನಿಲ್ಲದೆ ಹೋದದ್ದು ಇದೆಯಾ?"

ಅಕ್ಕ ನಿಮ್ಮ ಮುಖ ನೋಡಿ ತಲೆ ತಗ್ಗಿಸುತ್ತಾಳೆ. ಎರಡು ಸಲ ಹೋಗಿದೆ. ನಿಮಗೆ ಗೊತ್ತಿದ್ದದ್ದು ಒಂದು.

"ರಾತ್ರಿ ಊಟಕ್ಕೆ ಏನು ಮಾಡ್ತೀರಿ?"

ಪ್ರಶ್ನೆ ನಿಮಗೆ ವಿಚಿತ್ರವೆನಿಸುತ್ತದೆ. ಅಕ್ಕನಿಗೆ ಹಾಗೇನೂ ಇಲ್ಲ, ಪಟಪಟ ಹೇಳುತ್ತಾಳೆ. ಅತ್ತೆಗೆ ಶುಗರ್ ಬಂದಾಗಿನಿಂದ ರಾತ್ರಿ ಮನೆಮಂದಿಗೆಲ್ಲ ಚಪಾತಿ. ಬೆಳಿಗ್ಗೆ ವಾರದಲ್ಲಿ ಎರಡು ದಿನ ಉಪ್ಪಿಟ್ಟು, ಒಂದು ದಿನ ಶ್ಯಾವಿಗೆ. ಸಂಜೆ ಟೀ ಜತೆ ಬಿಸ್ಕತ್ತು. ಅಕ್ಕಿರೊಟ್ಟಿ, ಕಡುಬು, ನೀರುದೋಸೆ ತಿಂದು ಬೆಳೆದ ಮಲೆನಾಡಿನ ಹುಡುಗಿ, ತನಗೆ ಗೊತ್ತಿಲ್ಲದಂತೆ ದಿನಕ್ಕೆ ಎರಡು ಮೂರು ಹೊತ್ತು ಗೋಧಿ ತಿನ್ನುವವಳಾಗಿದ್ದಾಳೆ. ಇದು ಅವಳೊಬ್ಬಳ ಕಥೆಯಲ್ಲ. ಶುಗರ್ ಎಂಬ ಒಂದು ಮಾತು ನಮ್ಮ ಎಷ್ಟೋ ಊಟದ ತಟ್ಟೆಗಳಿಂದ ಅಕ್ಕಿಯನ್ನು ಎಬ್ಬಿಸಿ ಗೋಧಿಯನ್ನು ಕೂರಿಸಿದೆ.

ಡಾಕ್ಟರಮ್ಮ ಒಂದು ರಕ್ತಪರೀಕ್ಷೆ ಬರೆಯುತ್ತಾರೆ: ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಐಜಿಎ. ಲ್ಯಾಬಿನ ಹುಡುಗ ಚೀಟಿ ನೋಡಿ, ಇದು ಇಲ್ಲಾಗಲ್ಲ, ಹೊರಗೆ ಕಳಿಸಬೇಕು ಎನ್ನುತ್ತಾನೆ. ಫಲಿತಾಂಶ ಬಂದಾಗ ಸಂಖ್ಯೆ ಮಿತಿಯ ಹತ್ತು ಪಟ್ಟು ದಾಟಿರುತ್ತದೆ.

ಈಗ ನೀವು ಎಂಡೋಸ್ಕೋಪಿ ಕೋಣೆಯ ಪರದೆಯ ಮುಂದಿದ್ದೀರಿ. ಹೊಟ್ಟೆ ದಾಟಿದ ಕ್ಯಾಮೆರಾ ಸಣ್ಣಕರುಳಿನ ಬಾಗಿಲಿಗೆ ಇಳಿದಿದೆ. ಅಲ್ಲಿಯ ಒಳಮೈ ತುಂಬ ಸೂಕ್ಷ್ಮದರ್ಶಕಕ್ಕೆ ಮಾತ್ರ ಪೂರ್ತಿ ಕಾಣುವ ಬೆರಳುಗಳಿರುತ್ತವೆ, ನಾಟಿ ಮಾಡಿದ ಗದ್ದೆಯಲ್ಲಿ ಒತ್ತೊತ್ತಾಗಿ ನಿಂತ ಪೈರಿನ ಹಾಗೆ. ಅನ್ನದ ಸಾರ, ಕಬ್ಬಿಣ, ವಿಟಮಿನ್ನು ಎಲ್ಲವೂ ಈ ಬೆರಳುಗಳ ಮೂಲಕವೇ ರಕ್ತಕ್ಕೆ ಸೇರಬೇಕು. ಅಕ್ಕನಲ್ಲಿ ಪೈರು ಮಲಗಿಬಿಟ್ಟಿದೆ. ಮಡಿಕೆಗಳು ಸವೆದು ಅಂಚಿನಲ್ಲಿ ಕಚ್ಚು ಬಿದ್ದಿವೆ. ಬೇರೆ ಬೇರೆ ಜಾಗದಿಂದ ಆರು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ, ಹಾನಿ ಒಂದೆಡೆ ಇದ್ದು ಇನ್ನೊಂದೆಡೆ ಇಲ್ಲದಿರಬಹುದು. ಉತ್ತರ ಬರುತ್ತದೆ: ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಕಾಳುಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಕರುಳಿಗೆ ಬಿದ್ದಾಗ ದೇಹದ ರಕ್ಷಣಾಪಡೆ ತನ್ನ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ.

"ಹೊಟ್ಟೆ ಕಾಯಿಲೆಗೂ ಹಾರ್ಟಿಗೂ ಏನು ಸಂಬಂಧ ಡಾಕ್ಟ್ರೇ?" ನೀವು ಕೇಳುತ್ತೀರಿ.

ಆ ಸಂಬಂಧ ಮೊದಲು ಸ್ಪಷ್ಟವಾಗಿ ಕಂಡದ್ದು ಇಟಲಿಯಲ್ಲಿ. ಕಾರಣ ತಿಳಿಯದೆ ಹೃದಯ ಹಿಗ್ಗಿದ 52 ರೋಗಿಗಳ ರಕ್ತವನ್ನು ಅಲ್ಲಿಯ ವೈದ್ಯರು ಪರೀಕ್ಷಿಸಿದರು. ಮೂವರಲ್ಲಿ ಸೀಲಿಯಾಕ್ ಪತ್ತೆಯಾಯಿತು. 1999ರಲ್ಲಿ 'ಲ್ಯಾನ್ಸೆಟ್' ಅದನ್ನು ಪ್ರಕಟಿಸಿತು. ಮುಂದೆ ಅದೇ ಮೂವರಲ್ಲಿ ಗೋಧಿ ಬಿಟ್ಟ ಇಬ್ಬರ ಹೃದಯ ಚೇತರಿಸಿತು, ಪಥ್ಯ ಹಿಡಿಯದ ಒಬ್ಬರದು ಇನ್ನಷ್ಟು ಕುಸಿಯಿತು. 2002ರಲ್ಲಿ ಇಟಲಿಯದೇ ಇನ್ನೊಂದು ತಂಡ ಹೃದಯಸ್ನಾಯುವಿನ ಉರಿಯೂತವಿದ್ದ 187 ಜನರನ್ನು ನೋಡಿದಾಗ 9 ಮಂದಿಗೆ ಸೀಲಿಯಾಕ್ ಇತ್ತು. ಆ ಒಂಬತ್ತೂ ಜನರಿಗೆ ಕಬ್ಬಿಣದ ಕೊರತೆಯ ರಕ್ತಹೀನತೆಯಿತ್ತು. ಮೇಜಿನ ಮೇಲಿನ ಅಕ್ಕನ ಚೀಟಿಗಳನ್ನು ಇನ್ನೊಮ್ಮೆ ನೋಡಿ. ಆ ಒಂಬತ್ತು ಜನರಲ್ಲಿ ಬಡಿತದ ತಾಳ ಮಾತ್ರ ತಪ್ಪಿದ್ದವರಿಗೆ ಪಥ್ಯವೊಂದನ್ನೇ ಕೊಟ್ಟರು, ಹೃದಯ ಸೋತವರಿಗೆ ಪಥ್ಯದ ಜತೆ ರಕ್ಷಣಾಪಡೆಯನ್ನು ತಗ್ಗಿಸುವ ಔಷಧ ಕೊಟ್ಟರು. ಎರಡೂ ಗುಂಪು ಸುಧಾರಿಸಿತು. ಇವು ಸಣ್ಣ ಸಂಖ್ಯೆಗಳು, ಎಲ್ಲ ಹೃದಯದ ಸೋಲಿಗೂ ಗೋಧಿಯೇ ಕಾರಣ ಎಂದು ಯಾರೂ ಓದಿಕೊಳ್ಳಬಾರದು. ಕಾರಣ ಸಿಗದಿದ್ದಾಗ ಇದನ್ನೂ ಒಮ್ಮೆ ನೋಡಿ ಎಂದು ಹೇಳುವಷ್ಟು ಗಟ್ಟಿತನ ಮಾತ್ರ ಅವಕ್ಕಿದೆ.

ಡಾಕ್ಟರಮ್ಮ ಒಂದು ಹಾಳೆಯ ಮೇಲೆ ಗೀಚಿ ತೋರಿಸುತ್ತಾರೆ. ಕರುಳು ಹೀರದಿದ್ದರೆ ಕಬ್ಬಿಣ ಇಲ್ಲ, ರಕ್ತ ತೆಳುವಾಗಿ ಹೃದಯ ಎರಡರಷ್ಟು ದುಡಿಯಬೇಕು. ಹೃದಯದ ಸ್ನಾಯುವಿಗೆ ಬೇಕಾದ ಕಾರ್ನಿಟಿನ್, ಸೆಲೆನಿಯಂ ಕೂಡ ಸಿಗುವುದಿಲ್ಲ. ಫೋಲೇಟ್ ಮತ್ತು ಬಿ12 ಕಡಿಮೆಯಾದರೆ ಹೋಮೋಸಿಸ್ಟಿನ್ ಏರಿ ರಕ್ತನಾಳದ ಒಳಪದರಕ್ಕೆ ಪೆಟ್ಟು. ಇದರ ಮೇಲೆ ವರ್ಷಗಟ್ಟಲೆ ಆರದೆ ಉಳಿದ ಉರಿಯೂತ. ಕರುಳಿನಲ್ಲಿ ಗುರಿಯಾಗುವ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಹೃದಯದಲ್ಲೂ ಇರುವುದರಿಂದ, ಅದರ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಅಲ್ಲಿಗೂ ಕೈ ಹಾಕುತ್ತವೆಯೇ ಎಂಬ ಶಂಕೆಯೂ ಇದೆ. ಬಾಯಿಂದ ನುಂಗಿದ ಮಾತ್ರೆ ಯಾಕೆ ಹತ್ತಲಿಲ್ಲ ಎಂಬುದು ಈಗ ಅಕ್ಕನಿಗೂ ಅರ್ಥವಾಗಿದೆ. ಕಬ್ಬಿಣವನ್ನು ರಕ್ತನಾಳಕ್ಕೆ ಡ್ರಿಪ್ ಮೂಲಕ ಕೊಡುವುದೆಂದು ತೀರ್ಮಾನವಾಗುತ್ತದೆ. ಹೃದಯದ ಮಾತ್ರೆಗಳು ಎಂದಿನಂತೆ ನಡೆಯಬೇಕು, ಪಥ್ಯ ಸಿಕ್ಕಿತೆಂದು ಅವನ್ನು ನಿಲ್ಲಿಸುವಂತಿಲ್ಲ.

"ಇದು ಪಂಜಾಬಿನವರಿಗೆ ಬರೋದಲ್ವಾ?" ಭಾವ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ದೇಶದ 23,331 ವಯಸ್ಕರ ರಕ್ತ ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಯಿಲೆ ಉತ್ತರ ಭಾರತದಲ್ಲಿ ಶೇಕಡಾ 0.85, ದಕ್ಷಿಣದಲ್ಲಿ ಶೇಕಡಾ 0.01. ಆದರೆ ಅದೇ ಅಧ್ಯಯನದ ಇನ್ನೊಂದು ಸಾಲನ್ನು ನಾವೆಲ್ಲ ಓದಬೇಕು. ಈ ಕಾಯಿಲೆಗೆ ಬಾಗಿಲು ತೆರೆಯುವ ಎಚ್‌ಎಲ್‌ಎ ಜೀನ್ ಉತ್ತರದವರಲ್ಲಿ ಶೇಕಡಾ 38.1 ಜನರಲ್ಲಿದ್ದರೆ ದಕ್ಷಿಣದವರಲ್ಲಿ 36.4. ಹೆಚ್ಚುಕಮ್ಮಿ ಒಂದೇ. ಅಜಗಜಾಂತರ ಇದ್ದದ್ದು ತಟ್ಟೆಯಲ್ಲಿ: ಅಲ್ಲಿ ದಿನಕ್ಕೆ 455 ಗ್ರಾಂ ಗೋಧಿ, ಇಲ್ಲಿ 25. ಅಕ್ಕನ ತಟ್ಟೆಯಲ್ಲಿ ಆ 25 ಎಂದೋ ದಾಟಿ ಹೋಗಿದೆ. ಜೀನ್ ಇದ್ದವರಲ್ಲಿ ಬಹಳಷ್ಟು ಜನರಿಗೆ ಏನೂ ಆಗುವುದಿಲ್ಲ, ಚಪಾತಿಗೆ ಹೆದರಬೇಕಿಲ್ಲ. ಆದರೆ ದಕ್ಷಿಣದವರಿಗೆ ಬರುವುದೇ ಇಲ್ಲ ಎಂದು ಪರೀಕ್ಷೆ ಬರೆಯದೆ ಬಿಡುವ ಕಾಲ ಮುಗಿಯಬೇಕು.

ಗೋಧಿಯೇ ಅಪರಾಧಿ ಎಂದು ತಿಳಿದದ್ದಾದರೂ ಎಂತಹ ದಿನಗಳಲ್ಲಿ! ನೆದರ್‌ಲ್ಯಾಂಡ್ಸಿನ ಹೇಗ್ ನಗರದಲ್ಲಿ ಮಕ್ಕಳ ವೈದ್ಯ ವಿಲ್ಲೆಮ್ ಕರೆಲ್ ಡಿಕೆ ಎಂಬುವರಿದ್ದರು. ಗೋಧಿ ಬಿಡಿಸಿದರೆ ಸೀಲಿಯಾಕ್ ಇರುವ ಮಕ್ಕಳು ಸುಧಾರಿಸುತ್ತಾರೆ ಎಂಬ ಗುಮಾನಿ ಅವರಿಗೆ ಎರಡನೇ ಮಹಾಯುದ್ಧಕ್ಕೆ ಮೊದಲೇ ಇತ್ತು. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ದಿಗ್ಬಂಧನದಿಂದ ಊರಿಗೆ ಊರೇ ಹಸಿದಿದ್ದಾಗ ಬ್ರೆಡ್ಡು ಸಿಗದೆ ಈ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ಡು ಮರಳಿದಾಗ ಮತ್ತೆ ಮಲಗಿದರು. 1950ರಲ್ಲಿ ಅವರು ಅದನ್ನು ಪ್ರಬಂಧವಾಗಿ ಮಂಡಿಸಿದರು. ಇಂದಿಗೂ ಈ ಕಾಯಿಲೆಗೆ ಅವರು ಕಂಡುಕೊಂಡದ್ದೇ ಚಿಕಿತ್ಸೆ.

ಪಥ್ಯ ಹೇಳುವುದು ಸುಲಭ. ಬನ್ನಿ, ಗಿರಣಿಗೆ ಹೋಗೋಣ.

ಸಂಜೆ ಐದು. ಬೆಲ್ಟಿನ ಸದ್ದಿಗೆ ನೆಲ ಅದುರುತ್ತಿದೆ. ಗೋಡೆ, ಬಲ್ಬು, ಯಜಮಾನರ ಹುಬ್ಬು ಎಲ್ಲದರ ಮೇಲೂ ಬಿಳಿ ಪುಡಿ. ಡಬ್ಬಗಳ ಸಾಲಿನಲ್ಲಿ ಅಕ್ಕನ ಡಬ್ಬವೂ ಇದೆ, ಅದರಲ್ಲಿ ತೊಳೆದು ಒಣಗಿಸಿದ ರಾಗಿ. ಅದರ ಮುಂದಿನದು ಯಾರದೋ ಗೋಧಿ. ನೀವು ನೋಡುತ್ತಿದ್ದಂತೆ ಗೋಧಿ ಮುಗಿಯುತ್ತದೆ, ಅದೇ ಕಲ್ಲಿಗೆ ಅದೇ ಬಾಯಿಂದ ರಾಗಿ ಸುರಿಯುತ್ತದೆ. ಮೊದಲ ಎರಡು ಹಿಡಿ ಹಿಟ್ಟು ಬೆಳ್ಳಗೆ ಬೀಳುತ್ತದೆ, ಆಮೇಲೆ ರಾಗಿಯ ಬಣ್ಣ. ಗ್ಲುಟೆನ್ ರಹಿತ ಎಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ಒಪ್ಪುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಆ ಬಿಳಿ ಎರಡು ಹಿಡಿ ಸಾಕು, ಇಡೀ ಡಬ್ಬ ಮಿತಿ ಮೀರುವುದಕ್ಕೆ.

"ಅಣ್ಣಾ, ನಮ್ ರಾಗೀನ ಬೇರೆ ಮಾಡ್ಕೊಡೋಕೆ ಆಗತ್ತಾ?"

"ಮಿಷನ್ ಒಂದೇ ಅಲ್ಲೇನ್ರೀ. ಅಕ್ಕಿ ಹಿಟ್ಟಿನದು ಬೇರೆ ಇದೆ, ಅದ್ರಲ್ಲಿ ಗೋಧಿ ಹಾಕಲ್ಲ. ಬೆಳಿಗ್ಗೆ ಬಾಗ್ಲು ತೆಗ್ದ ತಕ್ಷಣ ಬನ್ನಿ, ಅಕ್ಕಿ ಕಲ್ಲಲ್ಲೇ ಹಾಕ್ಕೊಡ್ತೀನಿ."

ಯಾಕೆ ಎಂದು ಅವರು ಕೇಳುವುದೂ ಇಲ್ಲ. ಅಕ್ಕನಿಗೆ ಇಷ್ಟು ದಿನದಲ್ಲಿ ಸಿಕ್ಕ ದೊಡ್ಡ ಸಹಾಯ ಇದು. ಆದರೂ ಗಾಳಿಯಲ್ಲಿ ತೇಲುವ ಹಿಟ್ಟಿಗೆ ಯಾರು ತಡೆ? ಕೊನೆಗೆ ಅಕ್ಕ ಮನೆಗೇ ಒಂದು ಪುಟ್ಟ ಗಿರಣಿ ತರಿಸುತ್ತಾಳೆ. ಅಷ್ಟು ದುಡ್ಡು ಎಲ್ಲರಿಗೂ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ನಾನು ಇಲ್ಲಿಗೇ ಬಿಟ್ಟು ಮುಂದೆ ಹೋಗಲಾರೆ. ಕ್ಷಯಕ್ಕೆ ಮಾತ್ರೆಯನ್ನು ಸರ್ಕಾರ ಕೊಡುತ್ತದೆ. ಹಿಟ್ಟೇ ಔಷಧವಾದ ಈ ಕಾಯಿಲೆಯಲ್ಲಿ ಬಡವರು ಯಾರ ಬಾಗಿಲಿಗೆ ಹೋಗಬೇಕು?

ಅಡುಗೆಮನೆಯಲ್ಲಿ ಅಕ್ಕ ಒಂದೊಂದೇ ಡಬ್ಬ ಇಳಿಸುತ್ತಿದ್ದಾಳೆ. ಮೈದಾ, ಸಣ್ಣ ರವೆ, ಶ್ಯಾವಿಗೆ ಹೊರಕ್ಕೆ. ಅಕ್ಕಿ, ರಾಗಿ, ಜೋಳ, ನವಣೆ, ಬೇಳೆ ಒಳಕ್ಕೆ. ಹಿಂಗಿನ ಡಬ್ಬಿ ಅವಳ ಕೈಯಲ್ಲೇ ನಿಲ್ಲುತ್ತದೆ. ಅಕ್ಷರ ಸಣ್ಣದು, ನೀವೇ ಓದಿ ಹೇಳುತ್ತೀರಿ: ಗೋಧಿ ಹಿಟ್ಟು, ಗೋಂದು, ಹಿಂಗು. ಚಿಟಿಕೆ ಹಿಂಗಿನ ಸಾರು ಅವಳು ದಿನಾ ಕುಡಿದಿದ್ದಾಳೆ. ಉಷ್ಣ ಆಯಿತೆಂದು ಕುಡಿಯುತ್ತಿದ್ದ ಬಾರ್ಲಿ ನೀರು, ಶಕ್ತಿ ಬರಲಿ ಎಂದು ಹಾಲಿಗೆ ಹಾಕುತ್ತಿದ್ದ ಮಾಲ್ಟ್ ಪುಡಿ, ಮಗಳ ಜತೆ ತಿನ್ನುತ್ತಿದ್ದ ಗೋಬಿ ಮಂಚೂರಿಯ ಮೈದಾ ಮತ್ತು ಸೋಯಾ ಸಾಸ್, ಎಲ್ಲವೂ ಹೊರಕ್ಕೆ. ಮಂಡಕ್ಕಿ ತಿನ್ನಬಹುದು, ಅದಕ್ಕೆ ಪುಡಿಮಾಡಿ ಹಾಕುವ ಮೈದಾ ನಿಪ್ಪಟ್ಟು ಬೇಡ. ಹೋಟೆಲಿನ ಇಡ್ಲಿಗೂ ರವೆ ಹಾಕಿದ್ದಾರೆಯೇ ಎಂದು ಕೇಳಿಯೇ ತಿನ್ನಬೇಕು, ದೋಸೆಗಾದರೆ ರವೆದೋಸೆ ಹೊಯ್ದ ಕಾವಲಿ ಆಗಬಾರದು. ಚಪಾತಿ ಲಟ್ಟಿಸಿದ ಮಣೆಯ ಮೇಲೆ ಅಕ್ಕಿರೊಟ್ಟಿ ತಟ್ಟುವಂತಿಲ್ಲ.

ಎಲ್ಲಕ್ಕಿಂತ ಕಷ್ಟ ಬರುವುದು ಶ್ರಾವಣದಲ್ಲಿ. ಎದುರು ಮನೆಯ ಸತ್ಯನಾರಾಯಣ ಪೂಜೆ. ಸಪಾದದ ದೊನ್ನೆ ಹಿಡಿದು ಹಿರಿಯರೊಬ್ಬರು ಅಕ್ಕನ ಮುಂದೆ ನಿಂತಿದ್ದಾರೆ. ಗೋಧಿರವೆ, ತುಪ್ಪ, ಬಾಳೆಹಣ್ಣಿನ ಪರಿಮಳ.

"ಪ್ರಸಾದ ಕಣಮ್ಮ. ಒಂದು ಚೂರಿಗೆ ಏನೂ ಆಗಲ್ಲ. ದೇವರಿದ್ದಾನೆ."

ಅಕ್ಕ ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೊತ್ತಿಕೊಂಡು ನಿಮ್ಮ ಕೈಗೆ ಹಾಕುತ್ತಾಳೆ. ಹಿರಿಯರ ಮುಖ ಸಣ್ಣಗಾಗುತ್ತದೆ. ಆ ಚೂರು ತಿಂದಿದ್ದರೆ ಅವಳು ಅಲ್ಲೇ ಬೀಳುತ್ತಿರಲಿಲ್ಲ, ಬಹುಶಃ ಏನೂ ಗೊತ್ತೂ ಆಗುತ್ತಿರಲಿಲ್ಲ. ಹೊರಗೆ ಏನೂ ಕಾಣದಿರುವುದೇ ಈ ಕಾಯಿಲೆಯ ಅಪಾಯ. ಒಳಗೆ ಮಾತ್ರ ಏಳುತ್ತಿದ್ದ ಪೈರು ಮತ್ತೆ ಮಲಗುತ್ತಿತ್ತು. ದಯವಿಟ್ಟು ಇಂಥವರನ್ನು ಒತ್ತಾಯಿಸಬೇಡಿ. ಬಾಳೆಹಣ್ಣು, ಕಾಯಿಚೂರು ಕೂಡ ಪ್ರಸಾದವೇ.

ಆರು ತಿಂಗಳ ಮೇಲೆ ಅದೇ ಎಕೋ ಕೋಣೆ, ಅದೇ ತಣ್ಣನೆಯ ಜೆಲ್ಲಿ. ಹಿಮೋಗ್ಲೋಬಿನ್ 11 ದಾಟಿದೆ. ಪಂಪಿಂಗ್ 45. ಪ್ರತಿಕಾಯದ ಸಂಖ್ಯೆ ಇಳಿದಿದೆ, ಇನ್ನೂ ಸಹಜಕ್ಕೆ ಬಂದಿಲ್ಲ. ವಯಸ್ಕರ ಕರುಳು ಪೂರ್ತಿ ಮಾಯಲು ಎರಡು ವರ್ಷವಾದರೂ ಹಿಡಿಯಬಹುದು ಎನ್ನುತ್ತಾರೆ ಡಾಕ್ಟರಮ್ಮ. ಎಲ್ಲರ ಹೃದಯವೂ ಹೀಗೆ ಏಳುವುದಿಲ್ಲ, ತಡವಾಗಿ ತಿಳಿದಷ್ಟೂ ಗಾಯ ಗಟ್ಟಿಯಾಗಿರುತ್ತದೆ.

"ಹಾಗಾದ್ರೆ ಇನ್ನು ಹಾರ್ಟಿನ ಚಿಂತೆ ಬಿಡಬಹುದಾ?"

"ಬಿಡೋ ಹಾಗಿಲ್ಲ," ಎನ್ನುತ್ತಾರೆ ಅವರು. 2023ರಲ್ಲಿ ಬ್ರಿಟನ್ನಿನ ಬಯೋಬ್ಯಾಂಕ್‌ನ 4,69,095 ಜನರ ಲೆಕ್ಕ ಹೊರಬಿತ್ತು. ಅವರಲ್ಲಿ 2,083 ಮಂದಿಗೆ ಸೀಲಿಯಾಕ್ ಇತ್ತು. ಆ ಗುಂಪಿನಲ್ಲಿ ತೂಕ, ರಕ್ತದೊತ್ತಡ, ಕೊಲೆಸ್ಟ್ರಾಲ್ ಎಲ್ಲ ಉಳಿದವರಿಗಿಂತ ಚೆನ್ನಾಗಿಯೇ ಇದ್ದವು. ಹಾಗಿದ್ದೂ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಅಪಾಯ ಶೇಕಡಾ 27ರಷ್ಟು ಹೆಚ್ಚಿತ್ತು. ವರ್ಷಕ್ಕೆ 1000 ಜನರಲ್ಲಿ 7.4 ಇರಬೇಕಾದದ್ದು 9. ಸ್ವೀಡನ್ನಿನಲ್ಲಿ ಬಡಿತದ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಕೂಡ ಇವರಲ್ಲಿ ಹೆಚ್ಚು ಕಂಡಿದೆ. ಒಬ್ಬೊಬ್ಬರ ಮಟ್ಟಿಗೆ ಇದು ಸಣ್ಣ ಏರಿಕೆ. ಆದರೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಚೆನ್ನಾಗಿದೆ ಎಂದು ಡಾಕ್ಟರು ನಿಶ್ಚಿಂತರಾಗುವಂತಿಲ್ಲ ಎಂಬುದಕ್ಕೆ ಅದು ಸಾಕು. ಕರುಳು ಮಾಯುತ್ತಿದ್ದಂತೆ ತೂಕವೂ ಏರುತ್ತದೆ. ಗ್ಲುಟೆನ್ ರಹಿತ ಎಂದು ಮುದ್ರೆ ಹಾಕಿ ಮಾರುವ ಬಿಸ್ಕತ್ತು, ಕೇಕುಗಳಲ್ಲಿ ಕೊಬ್ಬು, ಸಕ್ಕರೆ ಹೆಚ್ಚು, ನಾರು ಕಡಿಮೆ. ಅಕ್ಕನಿಗೆ ಅವು ಬೇಕಾಗಿಯೂ ಇಲ್ಲ. ರಾಗಿಮುದ್ದೆ, ಜೋಳದ ರೊಟ್ಟಿ, ಸೊಪ್ಪಿನ ಪಲ್ಯ ಅವಳ ಅಜ್ಜಿಯ ಕಾಲದಿಂದ ಇದ್ದವೇ.

ಸುದ್ದಿ ಬೀದಿಗೆ ಹಬ್ಬಿದೆ. ಹಾರ್ಟಿಗೆ ಒಳ್ಳೆಯದಂತೆ, ನಾವೂ ಗೋಧಿ ಬಿಡುತ್ತೇವೆ ಎಂದು ಇಬ್ಬರು ಹೊರಟಿದ್ದಾರೆ. ಅವರಿಗೆ ಹೇಳಬೇಕಾದದ್ದು ಇಷ್ಟೆ: ಸೀಲಿಯಾಕ್ ಇಲ್ಲದ ಒಂದು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರನ್ನು 26 ವರ್ಷ ಹಿಂಬಾಲಿಸಿದ ಅಧ್ಯಯನ 2017ರಲ್ಲಿ ಬಂದಿದೆ. ಗ್ಲುಟೆನ್ ಕಡಿಮೆ ತಿಂದದ್ದರಿಂದ ಅವರ ಹೃದಯಕ್ಕೆ ಲಾಭವೇನೂ ಆಗಲಿಲ್ಲ. ಇಡಿಯ ಧಾನ್ಯ ಬಿಟ್ಟರೆ ನಷ್ಟವೇ ಆದೀತು.

ಉಳಿದದ್ದು ನಿಮ್ಮ ಸರದಿ. ರೋಗಿಯ ಒಡಹುಟ್ಟಿದವರಿಗೆ, ಮಕ್ಕಳಿಗೆ, ತಂದೆತಾಯಿಗೆ ಈ ಕಾಯಿಲೆ ಇರುವ ಸಂಭವ ಉಳಿದವರಿಗಿಂತ ಬಹಳ ಹೆಚ್ಚು, ಎಲ್ಲರೂ ಒಮ್ಮೆ ರಕ್ತ ಕೊಡಬೇಕು. ಅಕ್ಕನ ಮಗಳದು ಆಗಿದೆ, ಏನೂ ಇಲ್ಲ. ನೀವು ತೋಳು ಮಡಚಿ ಕುಳಿತಾಗ ಡಾಕ್ಟರಮ್ಮ ಕೇಳುತ್ತಾರೆ:

"ಈಗ ಚಪಾತಿ ತಿಂತಾ ಇದೀರಾ?"

"ಇಲ್ಲ ಡಾಕ್ಟ್ರೇ. ಅಕ್ಕನ ಜತೆ ನಾನೂ ಬಿಟ್ಬಿಟ್ಟೆ."

ಅವರು ಸೂಜಿ ಪಕ್ಕಕ್ಕಿಡಿಸುತ್ತಾರೆ. ಗೋಧಿ ಬಿಟ್ಟವರ ರಕ್ತದಲ್ಲಿ ಪ್ರತಿಕಾಯ ಇಳಿದಿರುತ್ತದೆ, ಕರುಳೂ ಮಾಯ್ದಿರಬಹುದು. ಕಾಯಿಲೆ ಇದ್ದರೂ ಇಲ್ಲವೆಂದೇ ವರದಿ ಬರುತ್ತದೆ. ಪರೀಕ್ಷೆಗೆ ಮೊದಲೇ ತಮ್ಮಷ್ಟಕ್ಕೆ ಗೋಧಿ ಬಿಟ್ಟು ಕಾಯಿಲೆಯ ಗುರುತನ್ನೇ ಅಳಿಸಿಕೊಂಡವರು ಎಷ್ಟೋ ಜನ. ದಿನಕ್ಕೆ ಎರಡು ಚಪಾತಿಯಂತೆ 6ರಿಂದ 8 ವಾರ ತಿಂದು ಬನ್ನಿ ಎಂದು ಬರೆದುಕೊಡುತ್ತಾರೆ.

ಹೊರಗೆ ಬಂದಾಗ ಅಕ್ಕ ಚೀಟಿಯನ್ನು ಎರಡು ಸಲ ಓದುತ್ತಾಳೆ.

"ನಮ್ಮನೇಲಿ ಚಪಾತಿ ಆಗಲ್ಲ ಕಣೋ. ಹೋಟ್ಲಲ್ಲಿ ತಿನ್ನು, ಒಂದಿನಾನೂ ತಪ್ಪಿಸ್ಬೇಡ. ಎಂಟು ವಾರಕ್ಕೆ ನಾನೇ ಕರ್ಕೊಂಡ್ ಬರ್ತೀನಿ."